ಹೊನ್ನಾವರದ ಕಡಲೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ಪಡುವುದರಲ್ಲಿ ನಾನು ಹೊಸಬನಲ್ಲ. ಜೊತೆಯವನಿಗೆ ನನಗಿಂತ ಮೊದಲು ಬಡ್ತಿ ಬಂದಾಗ ಪಟ್ಟಿದ್ದೇನೆ. ಎದುರುಮನೆಯವರ ಬೋರಿನಲ್ಲಿ ನೀರು ಬಿದ್ದು ನಮ್ಮದರಲ್ಲಿ ಬರೀ ಧೂಳು ಎದ್ದಾಗ ಪಟ್ಟಿದ್ದೇನೆ. ನನ್ನ ವಯಸ್ಸಿನವರ ತಲೆಯ ಮೇಲೆ ಇನ್ನೂ ಕೂದಲಿರುವುದನ್ನು ಕಂಡಾಗಲೆಲ್ಲ ಪಡುತ್ತಲೇ ಇದ್ದೇನೆ. ಇವೆಲ್ಲ ನಿಮಗೂ ಗೊತ್ತಿರುವ, ಮರ್ಯಾದಸ್ಥರು ಪಡಬಹುದಾದ ಹೊಟ್ಟೆಕಿಚ್ಚುಗಳು. ಆದರೆ ಹೋದ ಬೇಸಿಗೆಯಲ್ಲಿ ನಾನು ಒಂದು ಸಮುದ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕೆಂದು ತಿಳಿಯದೆ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಗುವುದಾದರೆ ನಕ್ಕುಬಿಡಿ, ಊರಿಗೆಲ್ಲ ಸಾರಬೇಡಿ.

ನಾವು ಬಳ್ಳಾರಿಯ ಪಾರ್ವತಿನಗರದವರು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಹೆಂಡತಿ ನೀಲಮ್ಮ. ಅವಳ ತಂಗಿ ಗಿರಿಜಾಳನ್ನು ಕೌಲ್ ಬಜಾರಿನ ಶಿವಾನಂದನಿಗೆ ಕೊಟ್ಟಿದೆ; ಅಂದರೆ ಅವನು ನನ್ನ ಷಡ್ಡಕ. ಈ ಷಡ್ಡಕ ಎಂಬ ಸಂಬಂಧವನ್ನು ದೇವರು ಹೋಲಿಕೆಗೆಂದೇ ಹುಟ್ಟಿಸಿರಬೇಕು. ಮಾವನ ಮನೆಯ ಪಡಸಾಲೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಊಟಕ್ಕೆ ಕೂರಿಸುತ್ತಾರೆ. ಅವನ ಹೋಳಿಗೆಯ ಮೇಲೆ ತುಪ್ಪ ಎಷ್ಟು ಬಿತ್ತೆಂದು ನಾನು ಓರೆಗಣ್ಣಿನಲ್ಲಿ ನೋಡುತ್ತೇನೆ, ನನ್ನದನ್ನು ಅವನು ನೋಡುತ್ತಾನೆ. ಬ್ಯಾಂಕಿನ ನೌಕರಿಯಲ್ಲಿ ಅವನಿಗೆ ಹೊನ್ನಾವರಕ್ಕೆ ವರ್ಗವಾಯಿತು. ಹೋಗುವಾಗ ಶಿಕ್ಷೆಗೆ ಹೊರಟವನಂತೆ ಮುಖ ಸಣ್ಣಗೆ ಮಾಡಿಕೊಂಡು ಹೋದ. ಹೋದವನು ಅಲ್ಲೇ ಮನೆ ಕಟ್ಟಿಸಿ ಕೂತುಬಿಟ್ಟ. ಪ್ರತಿ ವರ್ಷ ಬರ್ರಿ, ಬರ್ರಿ ಎಂದು ಕರೆಯುತ್ತಿದ್ದ. ಕರೆದಷ್ಟೂ ನನಗೆ ಹೋಗುವ ಮನಸ್ಸಾಗುತ್ತಿರಲಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ನಮ್ಮ ನಲ್ಲಿಯ ನೀರು ಬೆಳಗಾಗೆದ್ದರೆ ಕಾದೇ ಬರತೊಡಗಿತು. ಸ್ನಾನಕ್ಕೆ ನೀರು ಕಾಯಿಸುವುದು ಹೋಗಿ ಆರಿಸಿಕೊಳ್ಳುವ ಕಾಲ ಬಂದಮೇಲೆ ಸ್ವಾಭಿಮಾನ ಎಷ್ಟು ದಿನ ನಿಂತೀತು? ಸಿರುಗುಪ್ಪದ ಅಕ್ಕಿಯ ಒಂದು ಚೀಲ ಕಟ್ಟಿಕೊಂಡು ಇಬ್ಬರೂ ಹೊರಟೆವು.

ಹುಬ್ಬಳ್ಳಿಯವರೆಗೆ ನಾನು ಸಮಾಧಾನದಲ್ಲಿದ್ದೆ. ಅಲ್ಲಿಂದ ಮುಂದೆ ಬಸ್ಸು ಘಟ್ಟಕ್ಕೆ ಇಳಿಯಿತು ನೋಡಿ, ಶುರುವಾಯಿತು. ರಸ್ತೆಯ ಎರಡೂ ಕಡೆ ಮರ. ಮರದ ಹಿಂದೆ ಮರ, ಅದರ ಮೈಮೇಲೆ ಬಳ್ಳಿ, ಬಳ್ಳಿಯ ಮೇಲೆ ಯಾರೂ ಕೇಳದಿದ್ದರೂ ಬಿಟ್ಟಿರುವ ಹೂವು. ನಮ್ಮ ಬೀದಿಯಲ್ಲಿ ಒಂದು ಬೇವಿನ ಗಿಡಕ್ಕೆ ತೊಳೆದ ಪಾತ್ರೆಯ ನೀರನ್ನೆಲ್ಲ ಹೊತ್ತು ಹಾಕಿ, ದನದ ಬಾಯಿಂದ ಕಾಪಾಡಿ ಆಳೆತ್ತರ ಮಾಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿದೆ. ಇಲ್ಲಿ ನೋಡಿದರೆ ಕರೆಂಟಿನ ಕಂಬದ ಮೇಲೂ ಪಾಚಿ ಹಸಿರಾಗಿ ಬೆಳೆದಿದೆ. ಇಷ್ಟೊಂದು ಇವರಿಗೆ ಯಾಕೆ ಬೇಕು, ಒಂದಿಷ್ಟು ಆಚೆ ಕಳಿಸಬಾರದೇ ಎಂದು ಗೊಣಗಿದೆ. ಕಿಟಕಿಯ ಪಕ್ಕ ಕೂತಿದ್ದ ನೀಲಮ್ಮನಿಗೆ ಅದು ಕೇಳಿಸಲಿಲ್ಲ. ಅವಳ ಮುಖ ಆಗಲೇ ಹೊರಗಡೆಗೆ ತಿರುಗಿತ್ತು.

ನಮ್ಮ ಹಿರಿಯರು ಮನುಷ್ಯನ ಆರು ವೈರಿಗಳನ್ನು ಹೆಸರಿಸುವಾಗ ಮಾತ್ಸರ್ಯವನ್ನು ಕೊನೆಯಲ್ಲಿ ಇಟ್ಟರು. ಯಾಕೆಂದು ಬಹಳ ದಿನ ಯೋಚಿಸಿದ್ದೇನೆ. ಕಾಮಕ್ಕೆ ವಯಸ್ಸು ಬೇಕು, ಕ್ರೋಧಕ್ಕೆ ರಕ್ತದೊತ್ತಡ ಅಡ್ಡ ಬರುತ್ತದೆ, ಲೋಭಕ್ಕೆ ಕೈಯಲ್ಲಿ ಏನಾದರೂ ಇರಬೇಕು, ಮೋಹಕ್ಕೆ ಪುರಸೊತ್ತು ಬೇಕು, ಮದಕ್ಕಂತೂ ಕೇಳುವ ಜನ ಬೇಕು. ಇವೆಲ್ಲ ಒಂದೊಂದಾಗಿ ಕೈಬಿಟ್ಟ ಮೇಲೆ ಐವತ್ತು ದಾಟಿದವನಿಗೆ ಖರ್ಚಿಲ್ಲದೆ, ಎಲ್ಲೆಂದರಲ್ಲಿ ಕೂತುಕೊಂಡೇ ಮಾಡಬಹುದಾದದ್ದು ಇದೊಂದೇ. ಅದಕ್ಕೆ ಕನ್ನಡದ ಜನ ಇಟ್ಟ ಹೆಸರೂ ಸರಿಯಾಗಿಯೇ ಇದೆ. ಹೊರಗಿನ ಕಿಚ್ಚಿನ ಊರಿನಿಂದ ಬಂದ ನಾನು ಒಳಗಿನದನ್ನೂ ಜೊತೆಗೆ ತಂದಿದ್ದೆ.

ಹೊನ್ನಾವರ ಸಣ್ಣ ಊರು. ಆದರೆ ಶರಾವತಿ ಬಂದು ಕಡಲನ್ನು ಸೇರುವುದು ಅಲ್ಲೇ ಆದ್ದರಿಂದ ಊರಿಗಿಂತ ನೀರೇ ದೊಡ್ಡದು. ಮೊದಲ ದಿನ ಶಿವಾನಂದ ಕಾಂಡ್ಲಾ ಗಿಡಗಳ ನಡುವೆ ಹಾಕಿದ ಮರದ ದಾರಿಯ ಮೇಲೆ ನಡೆಸಿದ. ಉಪ್ಪುನೀರಿನಲ್ಲಿ ಬೇರುಗಳನ್ನು ಕಾಲಿನ ಹಾಗೆ ಊರಿಕೊಂಡು ನಿಂತ ಗಿಡಗಳು. ಕೆಳಗೆ ಕೆಸರಿನಲ್ಲಿ ಮೀನೊಂದು ನೀರು ಬಿಟ್ಟು ಬಂದು ಕುಪ್ಪಳಿಸುತ್ತಿತ್ತು. ಎರಡನೆಯ ದಿನ ಕಾಸರಕೋಡಿನ ದಂಡೆಗೆ ಕರೆದೊಯ್ದ. ಗಾಳಿಮರಗಳ ನೆರಳು, ಆಚೆ ಮರಳು, ಅದರಾಚೆ ಏನೂ ಅಡ್ಡವಿಲ್ಲದ ನೀರು. ಮನೆಗೆ ಬಂದರೆ ಮುರುಗಲ ಹಣ್ಣಿನ ಪಾನಕ. ನಾನು ನೋಡಿದ್ದಕ್ಕೆಲ್ಲ ಒಂದು ತಪ್ಪು ಹುಡುಕಿದೆ. ಗಾಳಿಯಲ್ಲಿ ಮೀನಿನ ವಾಸನೆ ಅಂದೆ, ಅಂಗಿ ಒಣಗುವುದಿಲ್ಲ ಅಂದೆ, ಮೈ ಅಂಟಂಟು ಅಂದೆ. ನಮ್ಮ ಕಡೆ ಹೀಗಲ್ಲ, ಬೆವರು ಬರುವ ಮೊದಲೇ ಆರಿಹೋಗುತ್ತದೆ ಎಂದೂ ಅಂದೆ. ಶಿವಾನಂದ ಎಲ್ಲದಕ್ಕೂ “ಖರೇ ಅಣ್ಣಾರ” ಎಂದು ಒಪ್ಪಿಕೊಂಡ. ಹೊಟ್ಟೆಕಿಚ್ಚಿನವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಎದುರಾಳಿ ಜಗಳಕ್ಕೇ ಬರುವುದಿಲ್ಲ ಎಂದರೆ ಮಾಡುವುದೇನು?

ಇಷ್ಟಾದರೂ ಇದು ಷಡ್ಡಕನ ಮೇಲಿನ ಹಳೆಯ ಹೊಟ್ಟೆಕಿಚ್ಚೇ ಆಗಿತ್ತು, ತಡೆದುಕೊಳ್ಳಬಹುದಿತ್ತು. ನಿಜವಾದದ್ದು ಸಂಜೆಗೆ ಬಂತು.

ನೀಲಮ್ಮ ರಾರಾವಿಯವಳು. ಸಿರುಗುಪ್ಪದ ಆಚೆ, ತುಂಗಭದ್ರೆಗೆ ಹತ್ತಿರದ ಊರು. ಹೊಳೆಯಲ್ಲಿ ಈಜಿ, ಗದ್ದೆಯ ಬದುವಿನ ಮೇಲೆ ಓಡಿ ಬೆಳೆದವಳು. ನಾನು ಕುರುಗೋಡಿನವನು, ಬಂಡೆ ಹತ್ತಿ, ಬಂಡೆಯಿಂದ ಜಾರಿ ಬೆಳೆದವನು. ನೀರು ಮೊಣಕಾಲು ಮುಟ್ಟಿದರೆ ನನಗೆ ಇಷ್ಟದೈವ ನೆನಪಾಗುತ್ತದೆ. ಮದುವೆಯಾಗಿ ಬಂದಾಗ ಅವಳು ನಮ್ಮ ಬೋಳು ಗುಡ್ಡಗಳನ್ನು ನೋಡಿ ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಅನ್ನಲಿಲ್ಲವಲ್ಲ, ಹಿಡಿಸಿರಬೇಕು ಎಂದುಕೊಂಡು ನಾನು ಹಾಯಾಗಿದ್ದೆ. ಅಂಥವಳು ಆ ಸಂಜೆ ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತಂಗಿಯ ಕೈಯನ್ನೂ ಬಿಡಿಸಿಕೊಂಡು ಸೀದಾ ನೀರಿಗೆ ಇಳಿದಳು. ತೆರೆ ಬಂದು ಬಡಿದಾಗ ನಕ್ಕಳು. ಆ ನಗು ನಾನು ಕೇಳಿದ್ದಾಗಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ನಗುವುದಿಲ್ಲವೆಂದಲ್ಲ, ನಗುತ್ತಾಳೆ. ಹೆಚ್ಚಾಗಿ ನನ್ನನ್ನು ನೋಡಿ. ಇದು ಬೇರೆ ಥರದ್ದು. ನಾನು ಒಣ ಮರಳಿನ ಮೇಲೆ ಅವಳ ಚಪ್ಪಲಿ ಕಾಯುತ್ತ ನಿಂತಿದ್ದೆ. ಎದೆಯೊಳಗೆ ಚುರ್ರೆಂದಿತು.

ಮಾರನೆಯ ದಿನದಿಂದ ಅದೇ ನಡೆಯಿತು. ಸಂಜೆಯಾದರೆ ಅವಳು ದಂಡೆಯಲ್ಲಿ. ಕೂತರೆ ಏಳುವುದಿಲ್ಲ, ಮಾತಿಲ್ಲ, ನೋಡುತ್ತಲೇ ಇರುತ್ತಾಳೆ. ಬಳ್ಳಾರಿಯಲ್ಲಿ ಟಿವಿಯ ಮುಂದೆ ಕೂತರೂ ಕೈಯಲ್ಲಿ ಸೊಪ್ಪು ಬಿಡಿಸುವ ಹೆಂಗಸು ಇಲ್ಲಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಗಮನ ಸೆಳೆಯಲು ನೋಡಿದೆ. ಈ ರೇವಿನಲ್ಲಿ ಹಿಂದೆ ಮೆಣಸಿನ ವ್ಯಾಪಾರ ಹೇಗಿತ್ತು, ಯಾವ ದೇಶದ ಹಡಗುಗಳು ಬರುತ್ತಿದ್ದವು ಎಂದು ನನ್ನ ಪಾಠವನ್ನೆಲ್ಲ ತೆಗೆದೆ. ಅವಳು ಹೂಂ ಅಂದಳು. ಆ ಹೂಂ ಎಂಥದೆಂದು ಮೇಷ್ಟರಿಗೆ ಗೊತ್ತಾಗುತ್ತದೆ, ಕೊನೆಯ ಬೆಂಚಿನಿಂದ ಬರುವ ಹೂಂ ಅದು. ನನಗೂ ಕಡಲಿಗೂ ಇದ್ದ ಸ್ಪರ್ಧೆಯಲ್ಲಿ ನನಗೆ ಮಾತು ಬರುತ್ತಿತ್ತು, ಅದಕ್ಕೆ ಬರುತ್ತಿರಲಿಲ್ಲ. ಗೆದ್ದದ್ದು ಅದು. ಅವತ್ತು ನಾನು ಅದರ ಕಡೆಗೆ ಹಲ್ಲು ಕಡಿದದ್ದೂ ಉಂಟು. ಯಾರೂ ನೋಡಲಿಲ್ಲ.

ರಜೆ ಮುಗಿಯುತ್ತ ಬಂದು, ಕಾಲೇಜಿನಿಂದ ಪರೀಕ್ಷೆಯ ಕೆಲಸಕ್ಕೆ ಕರೆ ಬಂತು. ಹೊರಡೋಣವೆಂದೆ. ನೀಲಮ್ಮ ಮೆತ್ತಗೆ ಹೇಳಿದಳು:

“ನೀವು ಹೋಗ್ರಿ. ನಾ ಮಳಿ ಹಿಡಿಯೋತನಕ ಇಲ್ಲೇ ಇರ್ತೀನಿ. ಸಮುದ್ರದ ಮ್ಯಾಲೆ ಮಳಿ ಬೀಳೋದು ನೋಡಬೇಕಂತ ಆಸಿ ಐತಿ.”

ಆಮೇಲೆ ಬರುತ್ತೀಯಲ್ಲ ಎಂದು ಕೇಳಿದೆ. ನೋಡೋಣು ಎಂದಳು. ಆ ನೋಡೋಣು ನನ್ನ ನಿದ್ದೆ ಕೆಡಿಸಿತು. ಅವಳು ಇಷ್ಟು ವರ್ಷದಲ್ಲಿ ನನ್ನಲ್ಲಿ ಆಸೆಯೆಂದು ಕೇಳಿದ್ದು ಬಹಳ ಕಡಿಮೆ. ಕೇಳಿದ್ದಕ್ಕೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆದರೆ ಒಬ್ಬನೇ ಪಾರ್ವತಿನಗರದ ಮನೆಯ ಬೀಗ ತೆಗೆಯುವುದನ್ನು ನೆನೆದು, ಚೀಲಕ್ಕೆ ತುಂಬಿದ್ದ ಅಂಗಿಗಳನ್ನು ಮತ್ತೆ ಹೊರಗೆ ತೆಗೆದಿಟ್ಟೆ. ಇಲ್ಲಿ ಇವಳಿಗೆ ಏನು ಕಡಿಮೆ? ತಂಗಿ ಇದ್ದಾಳೆ, ನೀರಿದೆ, ನೆರಳಿದೆ. ಅಲ್ಲಿ ನಾನಿದ್ದೇನೆ, ಬಿಸಿಲಿದೆ. ಎಷ್ಟು ಸಲ ತೂಗಿದರೂ ತಕ್ಕಡಿ ಕಡಲ ಕಡೆಗೇ ವಾಲುತ್ತಿತ್ತು.

ನಾನು ಹೊರಡುವ ಮುನ್ನ ಗಿರಿಜಾಳಿಗೆ ಒಂದು ಯೋಚನೆ ಬಂತು. ಅಕ್ಕ ಹೇಗೂ ಇದ್ದಾಳೆ, ಸಿರುಗುಪ್ಪದ ಅಕ್ಕಿಯೂ ಬಂದಿದೆ, ತವರಿನಲ್ಲಿ ಅವ್ವ ಮಾಡುತ್ತಿದ್ದ ಸಂಡಿಗೆ ಮಾಡಿಬಿಡೋಣ ಎಂದಳು. ನಮ್ಮ ಕಡೆಯ ಹೆಂಗಸರಿಗೆ ಬೇಸಿಗೆ ಎಂದರೆ ಸಂಡಿಗೆ. ಸಂಡಿಗೆಯ ಡಬ್ಬಿ ತುಂಬದೆ ಮಳೆಗಾಲಕ್ಕೆ ಕಾಲಿಟ್ಟ ಮನೆ ಮನೆಯೇ ಅಲ್ಲ. ಅಕ್ಕತಂಗಿಯರು ಅಕ್ಕಿ ನೆನೆಹಾಕಿ ರುಬ್ಬಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ ಹಿಟ್ಟು ಬೇಯಿಸಿ, ತಾರಸಿಯ ಮೇಲೆ ನನ್ನದೇ ಒಂದು ಧೋತರ ಹಾಸಿ, ರಾರಾವಿಯಲ್ಲಿ ಹಾಕುವಂತೆಯೇ ಬೆರಳು ದಪ್ಪಕ್ಕೆ ಒತ್ತಿದರು. ಸಂಜೆ ಕೆಳಗಿಳಿದು ಬಂದರು. ಸಂಡಿಗೆ ಮೇಲೆಯೇ ಉಳಿಯಿತು. ಅದು ನಮ್ಮೂರಿನ ರೂಢಿ: ಹಗಲು ಬಿಸಿಲು ಸುಡುತ್ತದೆ, ರಾತ್ರಿ ಒಣಗಾಳಿ ಉಳಿದ ಕೆಲಸ ಮುಗಿಸುತ್ತದೆ. ಬಳ್ಳಾರಿಯಲ್ಲಿ ರಾತ್ರಿ ಸಂಡಿಗೆಯನ್ನು ಒಳಗೆ ತರುವವರನ್ನು ನಾನು ಕಂಡಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಸಂಡಿಗೆ ನಿನ್ನೆ ಒತ್ತಿದಾಗ ಇದ್ದುದಕ್ಕಿಂತ ಹಸಿಯಾಗಿತ್ತು. ಕಡಲ ಗಾಳಿ ರಾತ್ರಿಯೆಲ್ಲ ಅದಕ್ಕೆ ನೀರು ಕುಡಿಸಿತ್ತು. ಪಕ್ಕದ ಮನೆಯಾಕೆ ಬಂದು ನೋಡಿ, ಇಲ್ಲಿಯವರು ತೆಳ್ಳಗೆ ಹಾಕಿ ಹೊತ್ತು ಮುಳುಗುವ ಮೊದಲೇ ಒಳಗೆ ತರುತ್ತಾರೆಂದು ನಗುತ್ತ ಹೇಳಿ ಹೋದರು. ಆ ದಿನ ಮೋಡ ಮುಚ್ಚಿತು. ಮರುದಿನವೂ ಮುಚ್ಚಿತು. ಧೋತರವನ್ನು ಒಳಗೆ ತಂದು, ಮಂಚದ ಮೇಲೆ ಹರವಿ, ಫ್ಯಾನು ಜೋರು ಮಾಡಿ, ನಾವೆಲ್ಲ ನೆಲದ ಮೇಲೆ ಮಲಗಿದೆವು. ಅಕ್ಕತಂಗಿಯರು ಮುಖ ಸಪ್ಪಗೆ ಮಾಡಿ ಕೂತಿದ್ದರು. ನಾನೂ ಮೋರೆ ಇಳಿಬಿಟ್ಟುಕೊಂಡು ಅಯ್ಯೋ ಪಾಪ ಎಂದೆ. ಒಳಗೆ ಮಾತ್ರ ಮೋಡಕ್ಕೆ ಕೈ ಮುಗಿಯುತ್ತಿದ್ದೆ. ಅಷ್ಟು ದೊಡ್ಡ ಕಡಲು ಒಂದು ಸಂಡಿಗೆ ಒಣಗಿಸಲಾರದು ಎಂಬುದು ನನಗೆ ಗೊತ್ತೇ ಇರಲಿಲ್ಲ. ಶಿವಾನಂದನಿಗೆ ಕೇಳುವಂತೆ, ಬಳ್ಳಾರಿಯಾಗಿದ್ದರೆ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತಿತ್ತು ಎಂದೆ. “ಖರೇ ಅಣ್ಣಾರ” ಎಂದ. ಆ ಮಾತು ಆವತ್ತು ಎಷ್ಟು ಸಿಹಿಯಾಗಿತ್ತು!

ಆ ಸಂಜೆ ನೀಲಮ್ಮ ದಂಡೆಗೆ ಹೋಗಲಿಲ್ಲ. ಮಂಚದ ಪಕ್ಕ ನಿಂತು ಒಂದು ಸಂಡಿಗೆಯನ್ನು ಹಿಚುಕಿ, ಮೂಸಿ ನೋಡಿ, ನನ್ನ ಕಡೆ ತಿರುಗಿದಳು.

“ಇನ್ನೆರಡು ದಿನ ಬಿಟ್ರ ಹುಳಿ ಬರ್ತಾವು. ನಾಳಿ ಊರಿಗೆ ಹೋಗೋಣು.”

ಆಗಲಿ ಎಂದು ಆದಷ್ಟು ಬೇಸರದಿಂದ ಹೇಳಿದೆ. ಹಸಿ ಸಂಡಿಗೆಯನ್ನು ಬುಟ್ಟಿಗಳಲ್ಲಿ ಪದರು ಪದರಾಗಿ ಬಟ್ಟೆ ಹಾಸಿ ಇಟ್ಟುಕೊಂಡು ಬಸ್ಸು ಹತ್ತಿದೆವು. ಘಟ್ಟ ಏರುವವರೆಗೂ ಬುಟ್ಟಿಯನ್ನು ಕೂಸಿನ ಹಾಗೆ ನಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹಸಿರು ಹಿಂದೆ ಉಳಿಯಿತು, ಮುಳ್ಳುಕಂಟಿ ಬಂತು, ಬಂಡೆ ಬಂತು, ಬಿಸಿಗಾಳಿ ಬಂದು ಮುಖಕ್ಕೆ ರಾಚಿತು. ನನಗೆ ಖುಷಿಯೋ ಖುಷಿ. ಆದರೆ ಹೊಟ್ಟೆಕಿಚ್ಚಿಗೆ ಒಂದು ಚಟವಿದೆ, ಒಂದು ಕಡೆ ಆರಿದರೆ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತದೆ. ಹೊಸಪೇಟೆ ದಾಟುವಷ್ಟರಲ್ಲಿ ನನಗೆ ಹೊಳೆಯಿತು: ಇವಳು ವಾಪಸು ಬಂದದ್ದು ನನಗಾಗಿ ಅಲ್ಲ. ನಾನು ಕರೆದಾಗ ನೋಡೋಣು ಎಂದವಳು ಸಂಡಿಗೆ ಕರೆದೊಡನೆ ಎದ್ದು ಬಂದಿದ್ದಾಳೆ. ಅವಳನ್ನು ಕಡಲಿನಿಂದ ಬಿಡಿಸಿಕೊಂಡು ಬಂದದ್ದು ಬಳ್ಳಾರಿಯ ಬಿಸಿಲು. ಹುಟ್ಟಿದಾಗಿನಿಂದ ನಾನು ಬೈಯುತ್ತ ಬಂದ ಬಿಸಿಲು ಈಗ ನನ್ನ ಸಂಸಾರವನ್ನು ಉಳಿಸಿಕೊಟ್ಟು, ನನಗಿಂತ ಬೆಲೆಯುಳ್ಳದ್ದಾಗಿ ನೆತ್ತಿಯ ಮೇಲೆ ಕೂತಿತ್ತು. ಅದರ ಮೇಲೂ ಹೊಟ್ಟೆ ಉರಿಯಿತು.

ಮರುದಿನ ಬೆಳಿಗ್ಗೆ ನಮ್ಮ ಮಾಳಿಗೆಯ ಮೇಲೆ ನೀಲಮ್ಮ ಸಂಡಿಗೆ ಹರವುತ್ತಿದ್ದಳು. ಕಾಲಿಟ್ಟರೆ ಸುಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. ನಗೆಯಾಟದಂತೆ ಕಾಣಲಿ ಎಂದು ನಗುತ್ತಲೇ ಕೇಳಿದೆ.

“ಖರೇ ಹೇಳು. ಸಂಡಿಗಿ ಸಲುವಾಗಿ ಬಂದ್ಯೋ, ನನ್ನ ಸಲುವಾಗಿ ಬಂದ್ಯೋ?”

ಅವಳು ಕೊನೆಯ ಬುಟ್ಟಿ ಬರಿದಾಗುವವರೆಗೂ ಹರವಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಕರಿಯ ಛತ್ರಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು.

“ಒಣಗಸಾಕ ಬಿಸಿಲು ಸಾಕ್ರಿ. ಕಾಗಿ ಓಡಸಾಕ ನೀವ ಬೇಕಲ್ಲ?”

ಹಾಗೆಂದು ಕೆಳಗಿಳಿದು ಹೋದಳು. ನಾನು ಆ ಸುಡುವ ಮಾಳಿಗೆಯ ಮೇಲೆ ಛತ್ರಿ ಹಿಡಿದು, ಮಣೆ ಹಾಕಿಕೊಂಡು ಕೂತೆ. ಒಂದು ಕಾಗೆ ಬಂತು. ಹುಶ್ ಎಂದೆ, ಹಾರಿಹೋಯಿತು. ಇನ್ನೊಂದು ಬಂತು, ಅದನ್ನೂ ಓಡಿಸಿದೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಕೆಳಗೆ ಅಡುಗೆಮನೆಯಲ್ಲಿ ಅವಳು ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು. ಎಷ್ಟೋ ದಿನಗಳ ಮೇಲೆ ಹೊನ್ನಾವರದ ಕಡಲನ್ನು ಸಮಾಧಾನದಿಂದ ನೆನೆಸಿಕೊಂಡೆ. ಅದಕ್ಕೆ ಅಷ್ಟು ನೀರಿದೆ, ಅಷ್ಟು ಗಾಳಿಯಿದೆ, ನೋಡಿದವರನ್ನು ಮರುಳು ಮಾಡುವ ತೆರೆಗಳಿವೆ. ಪಾಪ, ಒಂದು ಕಾಗೆ ಓಡಿಸಲಿಕ್ಕೆ ಬರುವುದಿಲ್ಲ.