ಶುಂಠಿ ಪಾತಿಯ ಮೇಲಿನ ಶ್ರದ್ಧಾಂಜಲಿ

ನಮ್ಮ ಜಗಲಿಯ ಒಂದು ಮೂಲೆ ಚಪ್ಪಲಿಗೆ ಮೀಸಲು. ಕಳೆದ ಬೇಸಿಗೆಯಲ್ಲಿ ಅಣ್ಣ ತೀರಿಕೊಂಡಾಗ ಆ ಮೂಲೆಯನ್ನು ಹೂವು ಆಕ್ರಮಿಸಿತು. ಬಂದವರೆಲ್ಲ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಹಾರಗಳ ರಾಶಿಯನ್ನು ದಾಟಿ, ಕಣ್ಣೊರೆಸಿಕೊಳ್ಳುತ್ತ ಒಳಗೆ ಬರಬೇಕಾಯಿತು. ಕೆಲವರ ಕಣ್ಣೀರು ದುಃಖದ್ದು, ಕೆಲವರದು ಸುಗಂಧರಾಜದ ಘಾಟಿನದು ಎಂದು ನನ್ನ ಅನುಮಾನ.

ಕುಶಾಲನಗರದ ಆಚೆಗಿರುವ ನಮ್ಮೂರಿನ ನಾಲೆಗೆ ನೀರು ಬಿಡಿಸಲು ಅಣ್ಣ ವರ್ಷಗಟ್ಟಲೆ ಕಚೇರಿ ಅಲೆದವನು. ಬದುಕಿದ್ದಾಗ ಅವನನ್ನು ತಲೆಹರಟೆ ಎನ್ನುತ್ತಿದ್ದ ಊರಿನ ಸಂಘದವರೇ ಸತ್ತ ಮೇಲೆ ಧೀಮಂತ ನಾಯಕ ಎಂದು ಕರೆದು, ಗಾಡಿಯ ಚಕ್ರದಷ್ಟು ದೊಡ್ಡ ಪುಷ್ಪಚಕ್ರ ತಂದರು. ಅದರ ರಿಬ್ಬನ್ನಿನಲ್ಲಿ ಸಂಘದ ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿತ್ತು; ಅಣ್ಣನ ಹೆಸರಿಗೆ ಜಾಗ ಉಳಿದಿರಲಿಲ್ಲ. ಸತ್ತವನಿಗೆ ತನ್ನ ಹೆಸರು ಗೊತ್ತಿರುತ್ತದೆ ಬಿಡಿ, ಕೊಟ್ಟವರ ಹೆಸರು ಗೊತ್ತಾಗಬೇಡವೇ! ತಮಾಷೆಯೆಂದರೆ, ಹೂವಿನ ವಾಸನೆ ತಾಗಿದರೆ ಸಾಕು, ಅಣ್ಣ ಮೂಗು ಕೆಂಪಾಗುವವರೆಗೂ ಸೀನುತ್ತಿದ್ದ. ಅಷ್ಟು ಹೂವಿನ ನಡುವೆ ಸೀನದೆ ಮಲಗಿದ್ದನ್ನು ಕಂಡಾಗಲೇ ಅವನು ನಿಜಕ್ಕೂ ಹೋದನೆಂದು ನನಗೆ ನಂಬಿಕೆಯಾದದ್ದು.

ಹೂವಿನ ಹುಚ್ಚು ಇದ್ದದ್ದು ಅತ್ತಿಗೆಗೆ. ವಾಸನೆಯಿಲ್ಲವೆಂಬ ಏಕೈಕ ಕಾರಣಕ್ಕೆ ಅಣ್ಣ ಸಂತೆಯಿಂದ ಅವರಿಗೆ ಕನಕಾಂಬರ ತರುತ್ತಿದ್ದ. ಮದುವೆಯಾದಂದಿನಿಂದ ಅವರ ಮುಡಿ ಬರಿದಾಗಿದ್ದನ್ನು ನಾನು ಕಂಡವನಲ್ಲ. ತಿಥಿಯ ದಿನ, ನಮ್ಮ ಮನೆಯಲ್ಲೇ ಇರುವ ಸೋದರತ್ತೆ ಮುಂದೆ ನಿಂತು, ಶಾಸ್ತ್ರ ತಪ್ಪದಂತೆ, ಆ ಹೂವನ್ನು ತೆಗೆಸಿದರು. ನಮ್ಮವರ ಜಾಣತನ ನೋಡಿ: ಬೇಡವೆನ್ನಲಾರದವನ ಮೈಮೇಲೆ ರಾಶಿಗಟ್ಟಲೆ ಸುರಿಯುವುದು, ಬೇಕೆನ್ನುವವಳ ತಲೆಯಿಂದ ಒಂದು ಮೊಳವನ್ನೂ ಕಿತ್ತುಕೊಳ್ಳುವುದು. ನನಗೆ ಮೈಯೆಲ್ಲ ಉರಿಯಿತು. ಆದರೂ, ಎಲ್ಲ ಸಭ್ಯ ಗಂಡಸರಂತೆ, ಊಟಕ್ಕೆ ಎಲೆ ಹಾಕಿಸಲು ಎದ್ದು ಹೋದೆ.

ಉಳಿದದ್ದು ಜಗಲಿಯ ರಾಶಿ. ಚಿತೆಗೆ ಹೋಗದೆ ಮಿಕ್ಕವು, ಆಮೇಲೆ ಫೋಟೋಗೆಂದು ಬಂದವು, ಎಲ್ಲ ಸೇರಿ ಬಾಡತೊಡಗಿದ್ದವು. ಕಸದ ಗಾಡಿಗೆ ಹಾಕೋಣವೆಂದಾಗ ಅತ್ತಿಗೆ ಅಡ್ಡ ಬಂದರು: “ಅವ್ರ ಹೆಸ್ರಲ್ಲಿ ಬಂದ ಹೂವು. ಕಸಕ್ಕೆ ಹೋಗ್ಬಾರ್ದು.”

“ಕಾವೇರಮ್ಮನಿಗೆ ಬಿಟ್ಬಿಡ್ರಪ್ಪ, ಪುಣ್ಯ ಬರ್ತದೆ” ಎಂದರು ಸೋದರತ್ತೆ.

ಥರ್ಮೊಕೋಲು, ತಂತಿ, ಬಣ್ಣ ಹೊಡೆದ ಎಲೆ, ಇವನ್ನೆಲ್ಲ ಪುಣ್ಯವಾಗಿ ಪರಿವರ್ತಿಸುವ ಹೊಣೆಯನ್ನು ನಾವು ಬಹಳ ಹಿಂದೆಯೇ ಆ ತಾಯಿಗೆ ವಹಿಸಿಬಿಟ್ಟಿದ್ದೇವೆ. ಒಂದು ಹಾರವನ್ನು ಹಸುವಿನ ಮುಂದೆ ಹಿಡಿದೆ. ಅದು ಮೂಸಿ ಮುಖ ತಿರುಗಿಸಿತು. ಸಂಘದ ಬಗ್ಗೆ ಅದಕ್ಕೂ ಏನೋ ಅಭಿಪ್ರಾಯವಿದ್ದಿರಬೇಕು.

ಅದು ಶುಂಠಿ ನಾಟಿಯ ಕಾಲ. ಪಾತಿಯಲ್ಲಿ ಗಡ್ಡೆ ಹೂತ ಮೇಲೆ ಬಿಸಿಲು ತಾಗದಂತೆ ಸೊಪ್ಪು, ತರಗೆಲೆ ಹೊದಿಸುವುದು ನಮ್ಮ ಕಡೆಯ ಕ್ರಮ. ಅಣ್ಣ ತಾನೇ ನಿಂತು ನೆಡಿಸಿದ ಕೊನೆಯ ಪಾತಿಗಳಿಗೆ ಹೊದಿಕೆ ಸಾಲದೆ ಬಂದಿತ್ತು. “ಅವ್ರು ನೆಟ್ಟಿದ್ದಕ್ಕೇ ಹೊದಿಸೋಣ” ಎಂದರು ಅತ್ತಿಗೆ. ಇಬ್ಬರೂ ಕೂತು ತಂತಿ, ದಾರ ಬಿಡಿಸಿ ಹೂವನ್ನಷ್ಟೇ ಹೊದಿಸಿದೆವು. ನನ್ನ ಕಣ್ಣು ತಪ್ಪಿಸಿದ ಸಂಘದ ರಿಬ್ಬನ್ನು ಮೊದಲ ಮಳೆಗೆ ಮೇಲೆದ್ದು, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ದಾರಿಹೋಕರಿಗೆಲ್ಲ ಸಾರತೊಡಗಿತು.

“ಏನ್ ಸಾರ್, ಕೊಳೆರೋಗ ಬರೋಕೆ ಮುಂಚೆನೇ ಶುಂಠಿಗೆ ಶ್ರದ್ಧಾಂಜಲಿನಾ?” ಎಂದ ಪಕ್ಕದ ತೋಟದವನು, ಬೇಲಿಯ ಮೇಲೆ ಬಾಗಿ. ಸಂಘದವರ ಭಾವ ಪೂರ್ಣವಾಗಿ ವ್ಯಕ್ತವಾದದ್ದು ಅದೊಂದೇ ಸಲ.

ಮಳೆ ಹಿಡಿದ ಮೇಲೆ ಶುಂಠಿಯ ನಡುವೆ ಅಲ್ಲಲ್ಲಿ ಚೆಂಡುಹೂವಿನ ಸಸಿಗಳು ತಲೆಯೆತ್ತಿದವು. ಹಾರದಲ್ಲಿ ಸತ್ತಂತೆ ಬಿದ್ದಿದ್ದ ಹೂಗಳು ಬೀಜ ಕಟ್ಟಿಕೊಂಡೇ ಬಂದಿದ್ದವು. ಕಳೆ ಕೀಳುವ ಹೆಂಗಸರನ್ನು ಅತ್ತಿಗೆ ತಡೆದರು. ಗಿಡಗಳು ಹೂ ಬಿಡುವ ಹೊತ್ತಿಗೆ ಸರಿಯಾಗಿ, ಕರೆದಂತೆ, ಅಧ್ಯಕ್ಷರು ಬಂದರು: ಸಂಘದಲ್ಲಿ ಅಣ್ಣನ ಭಾವಚಿತ್ರ ಅನಾವರಣವಂತೆ.

“ಹೆಂಗೂ ಮನೆಲೇ ಬೆಳ್ದಿದೆಯಲ್ಲಮ್ಮ, ಒಂದೆರಡು ಬುಟ್ಟಿ ಹೂವು...”

“ಬ್ಯಾಡಿ. ಅವ್ರಿಗೆ ಹೂವು ಆಗಲ್ಲ” ಎಂದರು ಅತ್ತಿಗೆ.

ಅಧ್ಯಕ್ಷರು ಜಗಲಿಯ ಮೂಲೆಗೆ ನಡೆದು ತಮ್ಮ ಚಪ್ಪಲಿ ಹುಡುಕಿಕೊಂಡರು. ಅತ್ತಿಗೆ ಪಾತಿಗೆ ಇಳಿದು ಒಂದು ಚೆಂಡುಹೂವು ಕಿತ್ತರು. ಬಾಗಿಲಿಗೆ ಕಟ್ಟುವ ಹೂವದು, ನಮ್ಮ ಕಡೆ ಮುಡಿಯುವವರು ಕಡಿಮೆ. ಸೋದರತ್ತೆ ನೋಡುತ್ತಿದ್ದಂತೆಯೇ ಅದನ್ನು ಮುಡಿಗೆ ಸಿಕ್ಕಿಸಿಕೊಂಡು ನನ್ನತ್ತ ತಿರುಗಿದರು. “ನಿಮ್ಮಣ್ಣ ಇದ್ದಿದ್ರೆ ಈಗ ಸೀನೋರು” ಎಂದು ನಕ್ಕರು, ನಗುತ್ತಲೇ ಅತ್ತರು.

ಸೋದರತ್ತೆ ಏನೋ ಹೇಳಲು ಬಾಯಿ ತೆರೆದರು. ಈ ಸಲ ನಾನು ಎದ್ದು ಹೋಗಲಿಲ್ಲ.