ಹಾಸ್ಟೆಲಿನ ದೊಡ್ಡಮ್ಮ

ಹಾಸ್ಟೆಲಿನ ಹುಡುಗಿಯರೆಲ್ಲ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗೀಗ ಯಾರಾದರೂ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಇತಿಹಾಸದಲ್ಲೊಂದು ಎಂಎ, ಸಮಾಜಶಾಸ್ತ್ರದಲ್ಲೊಂದು ಎಂಎ ಆಗಿತ್ತು. ಕೆಲಸದ ಪರೀಕ್ಷೆಗಳು ಒಂದೊಂದಾಗಿ ಕೈಕೊಟ್ಟವು, ವಯಸ್ಸೂ ಮೀರಿತು. ಓದುವ ಆಸೆ ಎಂದೋ ಬತ್ತಿತ್ತು. ಆದರೆ ಓದುತ್ತಿದ್ದರೆ ತಾನೇ ಹಾಸ್ಟೆಲಿನಲ್ಲಿ ಮಂಚ ಸಿಗುವುದು? ಅಣ್ಣನ ಮನೆಯಲ್ಲಿ ಅವಳ ಕೋಣೆ ಈಗ ಅತ್ತಿಗೆಯ ಹೊಲಿಗೆ ಮೆಷಿನ್ನಿನ ಪಾಲಾಗಿತ್ತು.

ಈ ವರ್ಷ ತತ್ವಶಾಸ್ತ್ರಕ್ಕೆ ಸೇರಿದ್ದಳು. ಹತ್ತು ಜನ ಆಗದಿದ್ದರೆ ಕೋರ್ಸೇ ಇಲ್ಲ ಎಂದು ವಿಶ್ವವಿದ್ಯಾಲಯ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು. ಕ್ಯಾಂಟೀನಿನಲ್ಲಿ, ಬಸ್ ಸ್ಟಾಪಿನಲ್ಲಿ ಕಂಡಕಂಡವರ ಕೈಕಾಲು ಹಿಡಿದು ತನ್ನನ್ನೂ ಸೇರಿಸಿ ಒಂಬತ್ತು ಮಾಡಿದ್ದಳು.

"ದೊಡ್ಡಮ್ಮ ಓಟು ಕೇಳೋಕೆ ಬಂದ್ರು, ಬಾಗಿಲು ಹಾಕ್ಕೊಳ್ರೇ" ಎಂದು ಹುಡುಗಿಯರು ನಗುತ್ತಿದ್ದರು. ನಗುವವರಿಗೇನು, ಹೋಗಲು ಮನೆಯಿತ್ತು.

ಪ್ರವೇಶದ ಕೊನೆಯ ದಿನ ಮಧ್ಯಾಹ್ನ ವಾರ್ಡನ್ ಒಬ್ಬ ಹೊಸ ಹುಡುಗಿಯನ್ನು ಅವಳ ಕೋಣೆಗೆ ಕಳಿಸಿದರು. ಇಲ್ಲಿ ತತ್ವಶಾಸ್ತ್ರಕ್ಕೆ, ಇನ್ನೊಂದು ಊರಲ್ಲಿ ಬೇರೆ ಕೋರ್ಸಿಗೆ, ಹೀಗೆ ಎರಡು ಕಡೆ ಸೀಟು ಸಿಕ್ಕಿದ ಹುಡುಗಿ. ಸಂಜೆಯೊಳಗೆ ಒಂದು ಕಡೆ ಫೀಸು ಕಟ್ಟಬೇಕಿತ್ತು. ದೊಡ್ಡಮ್ಮ ಕಿಟಕಿ ಪಕ್ಕದ ತನ್ನ ಮಂಚವನ್ನೇ ಬಿಟ್ಟುಕೊಟ್ಟಳು, ಬಕೆಟ್ಟು ಉಜ್ಜಿಟ್ಟಳು, ಕಪಾಟಿನ ಬಾಗಿಲನ್ನು ಹೇಗೆ ಎತ್ತಿ ಎಳೆಯಬೇಕೆಂದೂ ತೋರಿಸಿದಳು. ಹೊಸ ಸೊಸೆಗೂ ಯಾರೂ ಇಷ್ಟು ಉಪಚಾರ ಮಾಡಲಾರರು.

"ಸಬ್ಜೆಕ್ಟ್ ಚೆನ್ನಾಗಿದ್ಯಾ ಮೇಡಂ?"

"ಚಿನ್ನದಂಥ ಸಬ್ಜೆಕ್ಟಮ್ಮ. ಇಲ್ಲಿ ಓದಿ ಯಾರೂ ಕೆಟ್ಟಿಲ್ಲ."

ಹುಡುಗಿಯ ಮುಖ ಅರಳಿತು. ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಜೋಡಿಸತೊಡಗಿದಳು. ದೊಡ್ಡಮ್ಮನಿಗೆ ಹೋದ ಜೀವ ಬಂದಂತಾಯಿತು.

"ನೀವು ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀರಾ ಮೇಡಂ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಳೆ ಒಂದೇ ಬೆಂಚಿನಲ್ಲಿ ಕೂರಬೇಕಲ್ಲ!

"ಪಾಠ ಅಲ್ಲಮ್ಮ... ನಾನೂ ನಿನ್ ಜೊತೆಗೇ. ಸ್ಟೂಡೆಂಟು."

ಹುಡುಗಿ ಅವಳ ನರೆಗೂದಲನ್ನು ನೋಡಿದಳು, ಗೋಡೆ ತುಂಬ ಅಂಟಿಸಿದ್ದ ಹಳೆಯ ಪರೀಕ್ಷೆಗಳ ವೇಳಾಪಟ್ಟಿಗಳನ್ನು ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಪಾಪ, ಮರ್ಯಾದೆ ಗೊತ್ತಿದ್ದ ಹುಡುಗಿ. ಜೋಡಿಸಿದ ಬಟ್ಟೆಗಳನ್ನು ಮೆಲ್ಲಗೆ ಮತ್ತೆ ಬ್ಯಾಗಿಗೆ ತುಂಬಿದಳು.

"ಒಂದ್ಸಲ ಅಪ್ಪನ್ನ ಕೇಳ್ಕೊಂಡು ಬರ್ತೀನಿ ಆಂಟಿ."

ಮೇಡಂ ಹೋಗಿ ಆಂಟಿ ಆದಾಗಲೇ ದೊಡ್ಡಮ್ಮನಿಗೆ ತಿಳಿಯಿತು. ಆದರೂ ಆಫೀಸು ಮುಚ್ಚುವವರೆಗೆ ಮೆಟ್ಟಿಲ ಮೇಲೆ ಕೂತು ಕಾದಳು. ಆಮೇಲೆ ಅಣ್ಣನಿಗೆ ಫೋನು ಮಾಡಿದಳು. ಎತ್ತಿದ್ದು ಅತ್ತಿಗೆ.

"ಊರಿಗೆ ಬರ್ತಾ ಇದ್ದೀನಿ ಅತ್ತಿಗೆ."

"ಬಾಮ್ಮ, ಅದಕ್ಕೇನಂತೆ" ಎಂದಳು ಅತ್ತಿಗೆ. ಹೊಲಿಗೆ ಮೆಷಿನ್ನು ನಿಲ್ಲಿಸಿ ಕೇಳಿದಳು, "ಎಷ್ಟು ದಿನಕ್ಕೆ?"