ಬಂಬವೂ ಮೊದಲ ಉಗಿಬಂಡಿಯೂ

ನಮ್ಮ ಮನೆಯ ಬಂಬ ಸುಟ್ಟದ್ದಕ್ಕೆ ಇಂಗ್ಲೆಂಡಿನ ಒಬ್ಬ ಮಹಾಶಯ ಕಾರಣ ಎಂದು ಎಷ್ಟು ಹೇಳಿದರೂ ಹೆಂಡತಿ ಒಪ್ಪುತ್ತಿಲ್ಲ. ಆತ ಸತ್ತು ಎಷ್ಟೋ ಕಾಲವಾಯಿತು, ಸಾಕ್ಷಿಗೆ ಕರೆಯುವಂತೆಯೂ ಇಲ್ಲ.

ಬಂಬ ಎಂದರೆ ಸ್ನಾನದ ನೀರು ಕಾಯಿಸುವ ತಾಮ್ರದ ಪಾತ್ರೆ. ನಡುವೆ ಕೊಳವೆ, ಅದರೊಳಗೆ ಬೆಂಕಿ, ಸುತ್ತ ನೀರು, ತಲೆಯ ಮೇಲೆ ಹೊಗೆ. ಬೆಟಗೇರಿಯ ಮನೆಮನೆಗೂ ಗೀಜರು ಬಂದು ಬಂಬಗಳೆಲ್ಲ ಗುಜರಿ ಸೇರಿದರೂ ನಮ್ಮದು ಉಳಿದಿತ್ತು. ತಮ್ಮ ಮಗಳ ಮದುವೆಗೆಂದು ಮಾವನವರು ಲಕ್ಷ್ಮೇಶ್ವರದಲ್ಲಿ ಮಾಡಿಸಿದ್ದು. ಬಸ್ಸಿನಲ್ಲಿ ಸಿಕ್ಕ ಒಂದೇ ಸೀಟಿನ ಮೇಲೆ ಅದನ್ನು ಕೂರಿಸಿ, ತಾವು ಗದಗಿನ ತನಕ ನಿಂತು ಬಂದರಂತೆ. ಅವರು ಈಗಿಲ್ಲ. ಹೆಂಡತಿ ಹುಣಸೆಹಣ್ಣು ಹಚ್ಚಿ ಬಂಬ ತಿಕ್ಕುವಾಗ ಅದರೊಡನೆ ಮಾತಾಡುವುದನ್ನು ಕೇಳಿದ್ದೇನೆ. ನನ್ನೊಡನೆ ಅಷ್ಟು ಮೆತ್ತಗೆ ಮಾತಾಡಿದ ನೆನಪಿಲ್ಲ.

ನಾನು ನಿವೃತ್ತ ಮಾಸ್ತರ. ಇರುವ ಹುಚ್ಚು ಒಂದೇ, ಉಗಿಬಂಡಿಯ ಚರಿತ್ರೆ. ಮೊಟ್ಟಮೊದಲ ಬಂಡಿಗಳಲ್ಲೊಂದನ್ನು ಕಟ್ಟಿದ ಆ ಇಂಗ್ಲೆಂಡಿನ ಮಹಾಶಯ, ಒಬ್ಬ ಗಣಿ ಇಂಜಿನಿಯರು, ಬಂಬಕ್ಕೇ ಗಾಲಿ ಹಚ್ಚಿದ ಎಂಬುದು ನನ್ನ ಸಿದ್ಧಾಂತ. ಬಂಡಿ ಅವನ ಗೆಳೆಯರನ್ನು ಹೊತ್ತು ದಿಬ್ಬವನ್ನೂ ಹತ್ತಿತು. ಕೆಲವೇ ದಿನಗಳಲ್ಲಿ ದಾರಿಯಲ್ಲಿ ಕೆಟ್ಟು ನಿಂತಾಗ ಅದನ್ನು ಒಂದು ಛಪ್ಪರದಡಿ ತಳ್ಳಿ, ಮಂದಿಯೆಲ್ಲ ಖಾನಾವಳಿಗೆ ಹೋಗಿ ಹುರಿದ ಹೆಬ್ಬಾತು ತಿನ್ನುತ್ತ, ಕುಡಿಯುತ್ತ ಕೂತರು. ಬೆಂಕಿ ಆರಿಸುವುದನ್ನು ಮರೆತರು. ನೀರೆಲ್ಲ ಆವಿಯಾಗಿ ಕಬ್ಬಿಣ ಕೆಂಪಾಯಿತು. ಬಂಡಿ, ಛಪ್ಪರ ಎರಡೂ ಸುಟ್ಟವು. "ಇಂಥಾ ಹುಂಬ ಎಲ್ಲ್ಯರ ಇದ್ದಾನೇನ್ರಲೇ?" ಎಂದು ವರ್ಷವರ್ಷವೂ ಶಾಲೆಯ ಮಕ್ಕಳನ್ನು ನಗಿಸಿದವನು ನಾನು.

ಹೋದ ಭಾನುವಾರ ಹೆಂಡತಿ ಮುಂಡರಗಿಯ ತಂಗಿಯ ಮನೆಗೆ ಹೋದಳು. "ಬಂಬಕ್ಕ ಉರಿ ಹಾಕಿದ್ರ ಅಲ್ಲೇ ಕುಂಡ್ರಿ. ನೀರು ಎಷ್ಟೈತಿ ನೋಡ್ಕೋತ ಇರ್ರಿ" ಎಂದು ಹೇಳಿಯೇ ಹೋಗಿದ್ದಳು. ಉರಿ ಹಾಕಿದೆ, ಕೂತೆ. ಅಷ್ಟರಲ್ಲಿ ಮೂಲೆಯ ಅಂಗಡಿಯಿಂದ ಮಿರ್ಚಿ ಕರಿಯುವ ವಾಸನೆ ಬಂತು. ಒಂದೇ ಪ್ಲೇಟು ಎಂದುಕೊಂಡು ಹೋದವನು ಎರಡನೆಯದಕ್ಕೆ ಬಂದೆ. ಪಕ್ಕದಲ್ಲಿ ಗಿರಮಿಟ್ಟು ತಿನ್ನುತ್ತಿದ್ದವನಿಗೆ ಉಗಿಬಂಡಿಯ ಕಥೆ ಹೇಳತೊಡಗಿದೆ. ಕಥೆ ಹೆಬ್ಬಾತಿನ ಹತ್ತಿರ ಬಂದಾಗ ಬಂಬ ನೆನಪಾಯಿತು.

ಓಡಿದೆ. ನೀರು ಬತ್ತಿ ಬಂಬ ಕರ್ರಗಾಗಿತ್ತು. ಬೆಸುಗೆ ಬಿಚ್ಚಿ ಕೊಳವೆ ಒಂದು ಕಡೆ ವಾಲಿತ್ತು. ಬಸ್ಸಿನಲ್ಲಿ ನಿಂತ ಮಾವನವರು ಕಣ್ಣಮುಂದೆ ಬಂದರು. ನಾಚಿಕೆಯಾಯಿತು, ಖರೆ ಹೇಳಬೇಕೆಂದರೆ ಅಳುವೂ ಬಂತು.

ಹೆಂಡತಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಬಂಬದ ಮುಂದೆ ಕೂತು ಸೆರಗಿನಿಂದ ಮಸಿ ಒರೆಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಕೆ ಒರೆಸುವುದನ್ನು ನೋಡಲಾರದೆ ಚರಿತ್ರೆಯ ಮೊರೆ ಹೋದೆ. ನಾನು ಮಿರ್ಚಿಗೆ ಹೋದಂತೆ ಆ ಇಂಜಿನಿಯರೂ ಹೆಬ್ಬಾತು ತಿನ್ನಲು ಹೋಗಿ ಹೀಗೇ ಸುಟ್ಟುಕೊಂಡ, ಆದರೂ ಎದೆಗುಂದದೆ ಮತ್ತೊಂದು ಕಟ್ಟಿದ, ಅದು ಹಳಿಯ ಮೇಲೆ ಕಬ್ಬಿಣವನ್ನೇ ಎಳೆಯಿತು ಎಂದೆಲ್ಲ ಹೇಳಿದೆ. ಅದರ ಭಾರಕ್ಕೆ ಹಳಿಗಳೇ ಮುರಿದದ್ದನ್ನು ಮಾತ್ರ ಮುಚ್ಚಿಟ್ಟೆ. ನಾಳೆಯೇ ಕಂಚಗಾರನ ಹತ್ತಿರ ಒಯ್ದು ಬೆಸುಗೆ ಹಾಕಿಸುತ್ತೇನೆ ಎಂದೆ.

ಆಕೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಅಲ್ರಿ, ಅಂವ ಅಷ್ಟೆಲ್ಲಾ ತಿಂದು ಮನಿಗೆ ಬರೂಮುಂದ ಹೇಂತಿಗೆ ಏನರ ಕಟ್ಟಿಸ್ಕೊಂಡು ಬಂದಿದ್ನೇನು?"

ಎರಡು ಪ್ಲೇಟು ತಿಂದು ಬರಿಗೈಯಲ್ಲಿ ಬಂದವನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ, ಆಕೆಗೂ ಮಿರ್ಚಿ ಕಟ್ಟಿಸಿಕೊಂಡು ಬರಲು ಅಂಗಡಿಯ ಕಡೆ ಹೊರಟೆ.

"ಉರಿ ಆರೈತೋ ಇಲ್ಲೋ ನೋಡಿ ಹೋಗ್ರಿ" ಎಂದಳು ಹಿಂದಿನಿಂದ.